ಬಾದಾಮಿ ಕೊಳ್ಳದ ತಂಡ ನಡಿಗೆ: ಕೊನೆಯ ದಿನ ಕೆಡದಂತೆ ಗುಡ್ಡ ಇಳಿಯುವ ಸಮಗ್ರ ಮಾರ್ಗದರ್ಶಿ

ಬೆನ್ನಿಗೆ ಚೀಲ ಕಟ್ಟಿಕೊಂಡು ಬಾದಾಮಿ ಸುತ್ತಿನ ಗುಡ್ಡಗಳಲ್ಲಿ ಎರಡು ಮೂರು ದಿನ ಅಡ್ಡಾಡುವ ತಂಡಗಳು ತೊಂದರೆಗೆ ಸಿಗುವುದು ಹೆಚ್ಚಾಗಿ ಕೊನೆಯ ದಿನವೇ. ಕಾರಣಗಳೂ ಪ್ರತಿ ಸಲ ಅವೇ. ಇನ್ನೇನು ಐದು ಕಿಲೋಮೀಟರು ತಾನೆ ಎಂದು ಅರ್ಧ ಬಾಟಲಿ ನೀರಲ್ಲಿ ಹೊರಡುತ್ತಾರೆ. ಚಹಾ, ಫೋಟೋ, ಮಾತುಕತೆ ಮುಗಿಸಿ ಎದ್ದೇಳುವಷ್ಟರಲ್ಲಿ ಒಂಬತ್ತಾಗಿರುತ್ತದೆ. ಬಸ್ಸು ತಪ್ಪೀತೆಂದು ಮುಂದಿನವರು ಓಡುತ್ತಾರೆ, ಹಿಂದಿನವರು ದಾರಿ ತಪ್ಪುತ್ತಾರೆ. ಊರು ಕಣ್ಣಿಗೆ ಕಾಣಿಸಿದ ಕೂಡಲೇ ದಾರಿ ಬಿಟ್ಟು ನೆಟ್ಟಗೆ ಇಳಿಯಲು ಹೋಗಿ ಬಂಡೆಯ ಅಂಚಿಗೆ ಬಂದು ನಿಲ್ಲುತ್ತಾರೆ.

ಮಹಾಕೂಟದಿಂದ ಬಾದಾಮಿಗೆ ರಸ್ತೆಯಲ್ಲಿ ಸುಮಾರು 14 ಕಿ.ಮೀ., ಗುಡ್ಡದ ಮೇಲಿನ ಹಳೆಯ ಕಾಲುದಾರಿಯಲ್ಲಿ ಸುಮಾರು 5. ಈ ಐದು ಎಂಬ ಅಂಕಿಯೇ ಜನರನ್ನು ಮೋಸಗೊಳಿಸುತ್ತದೆ. ಆದ್ದರಿಂದ ಇಲ್ಲಿ ಅದೇ ದಾರಿಯನ್ನು ಮಾದರಿಯಾಗಿ ಇಟ್ಟುಕೊಂಡಿದ್ದೇವೆ. ಸಿಡಿಲಫಡಿಯ ಕಡೆಯಿಂದ ಬರುವವರಿಗೂ, ಸಿದ್ಧನಕೊಳ್ಳ, ನವಿಲುತೀರ್ಥ, ಗೋಕಾಕದ ಕೊಳ್ಳಗಳಲ್ಲಿ ನಡೆಯುವವರಿಗೂ ಕ್ರಮ ಇದೇ. ದೂರ ಮತ್ತು ನೀರಿನ ಜಾಗ ಮಾತ್ರ ಬದಲು.

ಮೊದಲು ಎರಡು ಷರತ್ತು

ಇದು ನವೆಂಬರ್ ನಡುವಿನಿಂದ ಫೆಬ್ರುವರಿ ನಡುವಿನವರೆಗಿನ ನಡಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ಮರಳುಗಲ್ಲಿನ ಗೋಡೆಗಳ ನಡುವೆ ಗಾಳಿ ಆಡುವುದಿಲ್ಲ, ಕಾದ ಬಂಡೆ ಸಂಜೆಯವರೆಗೂ ಮೈಮೇಲೆ ಬಿಸಿ ಉಗುಳುತ್ತಿರುತ್ತದೆ. ಆ ದಿನಗಳಲ್ಲಿ ಹೊರೆ ಹೊತ್ತು ತಂಡ ಕಟ್ಟಿಕೊಂಡು ಹೋಗಬೇಡಿ. ಎಷ್ಟೇ ತಯಾರಿ ಮಾಡಿಕೊಂಡರೂ ಆ ಬಿಸಿಲಿಗೆ ಸಾಲುವುದಿಲ್ಲ.

ಎರಡನೆಯದು ಅನುಮತಿ. ಪುರಾತತ್ವ ಇಲಾಖೆಯ ಸಂರಕ್ಷಿತ ಆವರಣದೊಳಗೆ ರಾತ್ರಿ ತಂಗುವಂತಿಲ್ಲ. ಅರಣ್ಯ ಇಲಾಖೆಯ ಜಾಗವಾದರೆ ಮುಂಚಿತವಾಗಿ ಕೇಳಬೇಕು. ಗುಡ್ಡದ ಬುಡದ ಹೊಲದ ಮಾಲೀಕರನ್ನು ಕೇಳಿ, ಫಸಲು ಇಲ್ಲದ ಬದುವಿನ ಬದಿಗೆ ಬಿಡಾರ ಹೂಡುವುದು ಎಲ್ಲಕ್ಕಿಂತ ಸರಳ ದಾರಿ. ಬನದ ಹುಣ್ಣಿಮೆಯ ಆಸುಪಾಸಿನಲ್ಲಿ ಬನಶಂಕರಿ ಜಾತ್ರೆ ಇರುತ್ತದೆ. ಆಗ ಬಾದಾಮಿಯಲ್ಲಿ ಬಸ್ಸಿಗೆ, ಕೋಣೆಗೆ ಬಹಳ ಗದ್ದಲ. ಕೊನೆಯ ದಿನ ಆ ವಾರದಲ್ಲಿ ಬೀಳದಂತೆ ತಾರೀಖು ಹಿಡಿಯಿರಿ.

ಬೇಕಾಗುವ ಸಾಮಾನು

ಎಂಟು ಜನರ ತಂಡ ಎಂದುಕೊಳ್ಳೋಣ. ತಲೆಗೊಂದು ಹಣೆದೀಪ, ಒಂದು ಸೀಟಿ, ತಲಾ 5 ಲೀಟರ್ ಹಿಡಿಯುವಷ್ಟು ಬಾಟಲಿ, ತಲೆ ಮುಖ ಮುಚ್ಚುವಷ್ಟು ಅಗಲದ ಹತ್ತಿಯ ಬಟ್ಟೆ ಅಥವಾ ತೆಳು ಚಾದರ, ಉದ್ದ ತೋಳಿನ ಅಂಗಿ. ಚಾದರವನ್ನು ಚೀಲದ ತಳಕ್ಕೆ ತುರುಕಬೇಡಿ. ಅದು ಬೇಕಾಗುವುದು ಹೆಜ್ಜೇನು ಎದ್ದಾಗ, ಆಗ ಚೀಲ ಬಿಚ್ಚಲು ಸಮಯ ಸಿಗುವುದಿಲ್ಲ.

ತಂಡಕ್ಕೆ ಸೇರಿ ಬೇಕಾದದ್ದು: ಕಾಲಿಗೆ ಅಂಟಿಸುವ ಗಟ್ಟಿ ಬಟ್ಟೆಯ ಟೇಪು ಎರಡು ಸುರುಳಿ, ಒಆರ್‌ಎಸ್ ಪೊಟ್ಟಣ ಹತ್ತು, ಕ್ಲೋರಿನ್ ಮಾತ್ರೆ, ಅಗಲ ಬ್ಯಾಂಡೇಜು ನಾಲ್ಕು, ಮುಳ್ಳು ಕೀಳುವ ಚಿಮಟ, 8 ಮಿ.ಮೀ. ದಪ್ಪದ 15 ಮೀಟರ್ ಹಗ್ಗ, ಇಂಟರ್ನೆಟ್ ಇಲ್ಲದಿದ್ದರೂ ತೆರೆಯುವ ನಕ್ಷೆ ಇಳಿಸಿಕೊಂಡ ಎರಡು ಫೋನು, ಒಂದು ಪವರ್ ಬ್ಯಾಂಕು. ಹಗ್ಗ ಇರುವುದು ಚೀಲ ಇಳಿಸಲಿಕ್ಕೆ ಮಾತ್ರ. ಅದರ ಮೇಲೆ ಮನುಷ್ಯರನ್ನು ಇಳಿಸುವ ಸಾಹಸಕ್ಕೆ ಕೈ ಹಾಕಬೇಡಿ. ಬಾದಾಮಿಯಲ್ಲಿ ಬಂಡೆ ಹತ್ತುವವರು ಬಳಸುವ ಹಗ್ಗವೇ ಬೇರೆ, ಅವರ ತರಬೇತಿಯೇ ಬೇರೆ.

ಹಂತ 1: ಹಿಂದಿನ ಸಂಜೆ ನೀರಿನ ಲೆಕ್ಕ

ಕೊನೆಯ ದಿನ ಶುರುವಾಗುವುದು ಹಿಂದಿನ ಸಂಜೆ ಐದಕ್ಕೆ. ಬೆಳಕಿರುವಾಗಲೇ ಎಲ್ಲರ ಬಾಟಲಿಗಳನ್ನೂ ಒಂದೆಡೆ ಸಾಲಾಗಿ ನಿಲ್ಲಿಸಿ, ಎಷ್ಟಿದೆ ಎಂದು ಕಣ್ಣಿಂದ ನೋಡಿ. ನನ್ನ ಹತ್ತಿರ ಬೇಕಾದಷ್ಟಿದೆ ಎಂಬ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಚಳಿಗಾಲದಲ್ಲಿ ಹೊರೆ ಹೊತ್ತು ನಡೆಯುವಾಗ ಮುಂಜಾನೆ ತಾಸಿಗೆ ಅರ್ಧ ಲೀಟರ್, ಬಿಸಿಲೇರಿದ ಮೇಲೆ ಮುಕ್ಕಾಲರಿಂದ ಒಂದು ಲೀಟರ್ ಬೇಕು. ನಾಲ್ಕು ಐದು ತಾಸಿನ ನಡಿಗೆಗೆ ತಲಾ 3 ಲೀಟರ್ ಎಂದು ಹಿಡಿಯಿರಿ. ಅದರ ಮೇಲೆ ತಂಡದ ಮೀಸಲು 3 ಲೀಟರ್. ಈ ಮೀಸಲು ಒಬ್ಬರ ಚೀಲದಲ್ಲಿ ಬೇರೆಯಾಗಿಯೇ ಇರಬೇಕು, ಜೀವಕ್ಕೆ ಬಂದ ಹೊತ್ತಿನ ಹೊರತು ಊರು ಮುಟ್ಟುವವರೆಗೂ ಯಾರೂ ಮುಟ್ಟಬಾರದು. ರಾತ್ರಿ ಅಡುಗೆಗೆ, ಬೆಳಗಿನ ಚಹಾಕ್ಕೆ, ಎದ್ದ ಕೂಡಲೇ ಕುಡಿಯಲಿಕ್ಕೆ ತಲಾ ಇನ್ನೊಂದೂವರೆ ಲೀಟರ್ ಸೇರಿಸಿ. ಎಂಟು ಜನಕ್ಕೆ ಒಟ್ಟು 39 ಲೀಟರ್ ಆಯಿತು. ಸಂಜೆ ಅಷ್ಟಿಲ್ಲದಿದ್ದರೆ ಆಗಲೇ ಇಬ್ಬರು ಹೋಗಿ ತರಬೇಕು. ಬೆಳಿಗ್ಗೆ ನೀರು ಹುಡುಕಲು ಹೊರಟ ತಂಡಕ್ಕೆ ತಂಪು ಹೊತ್ತು ಅಲ್ಲಿಯೇ ಮುಗಿದುಹೋಗುತ್ತದೆ.

ಎಲ್ಲಿಂದ ತರಬೇಕು? ಬೋರ್‌ವೆಲ್ಲಿನ ನೀರು ಸಿಗುವ ಹೊಲವೋ ಊರೋ ಮೊದಲ ಆಯ್ಕೆ. ಬಂಡೆಯ ಮೇಲಿನ ದೊಣೆಗಳಲ್ಲಿ ಮಳೆಗಾಲದ ನೀರು ಡಿಸೆಂಬರಿನವರೆಗೂ ನಿಂತಿರಬಹುದು, ಆದರೆ ಅದರಲ್ಲಿ ಕುರಿ, ಮಂಗ ಎಲ್ಲ ಬಾಯಿ ಹಾಕಿರುತ್ತವೆ. ಮಹಾಕೂಟದ ಪುಷ್ಕರಣಿಯದು ಊಟೆಯ ನೀರು, ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ; ಆದರೆ ಜನ ಅದರಲ್ಲಿ ಈಜುತ್ತಾರೆ, ಸ್ನಾನ ಮಾಡುತ್ತಾರೆ. ಇಂಥ ನೀರನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ತಾಸು ಕಾಯಿರಿ. ಮಾತ್ರೆ ಹಾಕಿ ಐದೇ ನಿಮಿಷಕ್ಕೆ ಕುಡಿಯುವುದು ಎಲ್ಲರೂ ಮಾಡುವ ತಪ್ಪು. ರಾತ್ರಿಯೇ ಹಾಕಿಟ್ಟರೆ ಈ ಪ್ರಶ್ನೆಯೇ ಬರುವುದಿಲ್ಲ.

ಬರೀ ನೀರನ್ನೇ ಹೊಟ್ಟೆ ತುಂಬ ಕುಡಿಯುವುದೂ ಅಪಾಯ. ಬೆವರಿನಲ್ಲಿ ಉಪ್ಪು ಹೋಗಿರುತ್ತದೆ, ಮೇಲಿಂದ ಲೀಟರ್‌ಗಟ್ಟಲೆ ಸಪ್ಪೆ ನೀರು ಬಿದ್ದರೆ ರಕ್ತದ ಉಪ್ಪಿನಂಶ ಇನ್ನೂ ಇಳಿದು ತಲೆನೋವು, ವಾಕರಿಕೆ, ಮಂಕು ಶುರುವಾಗುತ್ತದೆ. ಮೂರು ಲೀಟರಿನಲ್ಲಿ ಒಂದು ಲೀಟರ್ ಒಆರ್‌ಎಸ್ ಇರಲಿ. ಪೊಟ್ಟಣದ ಮೇಲೆ ಓದಿ ಕಲಸಿ: ದೊಡ್ಡದು 1 ಲೀಟರಿಗೆ, ಸಣ್ಣದು 200 ಮಿ.ಲೀ.ಗೆ. ದೊಡ್ಡ ಪೊಟ್ಟಣವನ್ನು ಸಣ್ಣ ಬಾಟಲಿಗೆ ಸುರಿದರೆ ದ್ರಾವಣ ಗಾಢವಾಗಿ ಕೆಡುಕೇ ಹೆಚ್ಚು. ಪೊಟ್ಟಣ ಮುಗಿದಿದ್ದರೆ 1 ಲೀಟರಿಗೆ ಮಟ್ಟಸ 6 ಚಹಾ ಚಮಚ ಸಕ್ಕರೆ, ಮಟ್ಟಸ ಅರ್ಧ ಚಮಚ ಉಪ್ಪು. ಇಂಡಿ ಕಡೆಯ ಲಿಂಬೆಹಣ್ಣು ಒಂದೆರಡು ಚೀಲದಲ್ಲಿದ್ದರೆ ಹಿಂಡಿಕೊಳ್ಳಿ, ರುಚಿಗೆ ಜನ ಎರಡು ಗುಟುಕು ಹೆಚ್ಚು ಕುಡಿಯುತ್ತಾರೆ.

ಹಂತ 2: ಸಮಯವನ್ನು ಹಿಂದಿನಿಂದ ಎಣಿಸಿ

ರೈಲಿನ ಹೊತ್ತಿಗೆ ತಕ್ಕಂತೆ ನಡಿಗೆಯನ್ನು ಹಿಗ್ಗಿಸಿ ಕುಗ್ಗಿಸಲು ಬರುವುದಿಲ್ಲ. ನಡಿಗೆಯ ಲೆಕ್ಕ ಮಾಡಿ, ಅದಕ್ಕೆ ಹೊಂದುವ ರೈಲು ಹಿಡಿಯಿರಿ.

ಹೊರೆ ಹೊತ್ತ ಎಂಟು ಜನರ ಸಾಲು ಕಲ್ಲು, ಮುಳ್ಳುಕಂಟಿ, ಮೆಟ್ಟಿಲುಗಳ ದಾರಿಯಲ್ಲಿ ತಾಸಿಗೆ 2 ಕಿ.ಮೀ.ಗಿಂತ ಹೆಚ್ಚು ಸಾಗುವುದಿಲ್ಲ. 5 ಕಿ.ಮೀ.ಗೆ ಎರಡೂವರೆ ತಾಸು. ಪ್ರತಿ 100 ಮೀಟರ್ ಏರಿಗೆ ಕಾಲು ತಾಸು ಸೇರಿಸಿ; ಇಲ್ಲಿ ಅಂಥ ಒಂದು ಏರು ಎಂದು ಹಿಡಿಯೋಣ. ತಾಸಿಗೊಮ್ಮೆ ಹತ್ತು ನಿಮಿಷದ ನಿಲುಗಡೆ, ಒಟ್ಟು ಅರ್ಧ ತಾಸು. ಮೂರೂಕಾಲು ತಾಸಾಯಿತು. ಅದರ ಮೂರನೇ ಒಂದು ಪಾಲು, ಎಂದರೆ ಇನ್ನೊಂದು ತಾಸು, ಕಾಲು ಉಳುಕುವುದಕ್ಕೆ, ದಾರಿ ತಪ್ಪುವುದಕ್ಕೆ ಎತ್ತಿಡಿ. ನಾಲ್ಕೂಕಾಲು.

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 7 ಗಂಟೆಯ ಸುಮಾರಿಗೆ. ಹೆಜ್ಜೆ ಕಾಣುವಷ್ಟು ಬೆಳಕು ಇಪ್ಪತ್ತು ನಿಮಿಷ ಮುಂಚೆಯೇ ಬರುತ್ತದೆ. 6:45ಕ್ಕೆ ಮೊದಲ ಹೆಜ್ಜೆ ಇಟ್ಟರೆ 11ಕ್ಕೆ ಬಾದಾಮಿಯ ಅಗಸ್ತ್ಯತೀರ್ಥ ಕೆರೆಯ ದಂಡೆಯಲ್ಲಿರುತ್ತೀರಿ, ಬಂಡೆ ಕಾಯುವ ಮುಂಚೆ. ಅದೇ ಒಂಬತ್ತಕ್ಕೆ ಹೊರಟರೆ ಕೊನೆಯ ಎರಡು ತಾಸು ನಡುನೆತ್ತಿಯ ಬಿಸಿಲಲ್ಲಿ ಕಳೆಯುತ್ತವೆ, ಅದೂ ನೀರು ತಳ ಕಂಡಾಗ.

ಬಾದಾಮಿ ರೈಲು ನಿಲ್ದಾಣ ಊರಿಂದ ಸುಮಾರು 5 ಕಿ.ಮೀ. ಆಚೆ ಇದೆ. ಟಂಟಂ ಹಿಡಿದು, ಊಟ ಮಾಡಿ ಅಲ್ಲಿಗೆ ಮುಟ್ಟಲು ಒಂದೂವರೆ ತಾಸು ಬಿಡಿ. ಮಧ್ಯಾಹ್ನ ಎರಡಕ್ಕಿಂತ ಮುಂಚಿನ ಟಿಕೆಟ್ ಕೊಳ್ಳಬೇಡಿ. ಕೊಂಡಾಗಿದ್ದು ಗುಡ್ಡದ ಮೇಲೆ ತಡವಾಯಿತೆಂದರೆ, ರೈಲು ಬಿಟ್ಟೆವು ಎಂದು ಮುಖಂಡರು ಅಲ್ಲೇ ಬಾಯಿ ಬಿಟ್ಟು ಹೇಳಬೇಕು. ಆ ಒಂದು ಮಾತಿನಿಂದ ಇಡೀ ತಂಡದ ನಡಿಗೆ ಹದಕ್ಕೆ ಬರುತ್ತದೆ.

ಹಂತ 3: ಮಲಗುವ ಮುಂಚೆ ಎಲ್ಲರ ಪಾದ ನೋಡಿ

ನೋಡುವುದೆಂದರೆ ಕಾಲುಚೀಲ ಬಿಚ್ಚಿಸಿ, ದೀಪ ಹಿಡಿದು ನೋಡುವುದು. ಸಂಕೋಚಕ್ಕೆ ಯಾರೂ ತಾವಾಗಿ ಹೇಳುವುದಿಲ್ಲ. ಹಿಮ್ಮಡಿಯ ಹಿಂದೆ, ಹೆಬ್ಬೆರಳ ಬದಿಯಲ್ಲಿ ಕೆಂಪಾಗಿ ಬಿಸಿ ತಾಗಿದರೆ ಅದೇ ನಾಳಿನ ಬೊಕ್ಕೆ. ಚರ್ಮ ಒರೆಸಿ ಒಣಗಿಸಿ, ಸುಕ್ಕಿಲ್ಲದಂತೆ ಟೇಪು ಅಂಟಿಸಿ, ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆ ಕಾಲುಚೀಲಕ್ಕೆ ಸಿಕ್ಕಿ ಎದ್ದುಬರುತ್ತದೆ. ಬೊಕ್ಕೆ ಆಗಲೇ ಎದ್ದಿದ್ದರೆ, ನಡುವೆ ತೂತು ಬಿಟ್ಟ ಮೆತ್ತೆಯನ್ನು ಸುತ್ತ ಇಟ್ಟು ಮೇಲೆ ಟೇಪು ಹಾಕಿ. ಒಡೆಯಬೇಡಿ.

ಉಗುರು ಕತ್ತರಿಸಿಕೊಳ್ಳಿ. ಕೊನೆಯ ದಿನ ಇಳಿಜಾರು ಹೆಚ್ಚು, ಬೆರಳು ಶೂಗೆ ಗುದ್ದಿ ಉಗುರು ಕಪ್ಪಾಗುತ್ತದೆ. ಇಳಿಯುವ ಮುಂಚೆ ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ, ಬೆರಳ ಕಡೆ ಸಡಿಲವಾಗಿ ಕಟ್ಟಬೇಕು. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ.

ಹಂತ 4: ಬೆಳಿಗ್ಗೆ ಬಿಡಾರ ಕೀಳುವ ಕ್ರಮ

5:45ಕ್ಕೆ ಏಳುವುದು, 6:45ಕ್ಕೆ ನಡೆಯುವುದು. ನಡುವಿನ ಒಂದು ತಾಸಿನಲ್ಲಿ ಕ್ರಮ ತಪ್ಪಿದರೆ ಅರ್ಧ ತಾಸು ಹೋಯಿತು.

ಎದ್ದವರು ಮೊದಲು ಶೂ ಬೋರಲು ಹಾಕಿ ಬಡಿಯಬೇಕು. ಕೆಂಪು ಚೇಳು ಈ ಭಾಗದ ಕಲ್ಲುಗಳ ಕೆಳಗೆ ಇರುತ್ತದೆ, ಬೆಚ್ಚಗಿನ ಶೂ ಅದಕ್ಕೂ ಬೇಕು. ಟೆಂಟಿನ ಅಡಿಯ ಹಾಳೆಯನ್ನು ಕೈಯಿಂದ ಎತ್ತದೆ, ಕೋಲಿನಿಂದ ಮಗುಚಿ. ಸೌದೆ, ಕಲ್ಲಿನ ಸಂದಿಗೆ ಬರಿಗೈ ಹಾಕಬೇಡಿ. ಚೇಳು ಕುಟುಕಿದವರಿಗೆ ನೋವಿನ ಜೊತೆಗೆ ಮೈಯೆಲ್ಲ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ಅದು ಮನೆಮದ್ದಿನ ಮಾತಲ್ಲ, ತಕ್ಷಣ ಆಸ್ಪತ್ರೆ.

ಎರಡನೆಯದಾಗಿ ಮೂರು ಲೋಟ ನೀರು, ಆಮೇಲೆ ಚಹಾ. ಅಡುಗೆ ಬೇಡ. ಹಚ್ಚಿದ ಅವಲಕ್ಕಿ, ಕಟಕ ರೊಟ್ಟಿಗೆ ಶೇಂಗಾ ಹಿಂಡಿ, ಒಂದೊಂದು ಬಾಳೆಹಣ್ಣು. ಹದಿನೈದು ನಿಮಿಷಕ್ಕೆ ಮುಗಿಯುತ್ತದೆ, ಪಾತ್ರೆ ತೊಳೆಯುವ ನೀರೂ ಉಳಿಯುತ್ತದೆ. ದಾರಿಗೆ ಅಮೀನಗಡದ ಕರದಂಟು ಸಣ್ಣ ಚೂರು ಮಾಡಿ ಎಲ್ಲರ ಜೇಬಿಗೂ ಕೊಡಿ: ಬೆಲ್ಲ, ಅಂಟು, ಒಣಹಣ್ಣು, ತಾಸಿಗೊಂದು ಚೂರು ಸಾಕು. ಚಾಕಲೇಟು ಹತ್ತು ಗಂಟೆಗೆ ಕರಗಿ ಕೈಗೆ ಮೆತ್ತುತ್ತದೆ. ಕರದಂಟಿಗೆ ಆ ತೊಂದರೆಯಿಲ್ಲ.

ಕೊನೆಗೆ ಕಸ. ತಂದದ್ದೆಲ್ಲ ವಾಪಸು ಹೋಗಬೇಕು, ಲಿಂಬೆ ಸಿಪ್ಪೆಯೂ ಸೇರಿ. ಮಲವನ್ನು ಮಣ್ಣಿದ್ದಲ್ಲಿ ನೀರಿನಿಂದ 60 ಮೀಟರ್ ದೂರ, ಗೇಣುದ್ದ ಗುಂಡಿ ತೋಡಿ ಮುಚ್ಚಿ. ಬಂಡೆಯ ಮೇಲೆ ಗುಂಡಿ ತೋಡಲು ಬರುವುದಿಲ್ಲ, ಅಲ್ಲಿ ಎರಡು ಪದರದ ಚೀಲದಲ್ಲಿ ಕಟ್ಟಿ ಹೊತ್ತು ತರಬೇಕು. ಇದಕ್ಕೆ ಮೂಗು ಮುರಿಯುವವರಿಗೆ ಒಂದು ವಿಷಯ: ನೀವು ಬಿಟ್ಟುಹೋದದ್ದು ಮುಂದಿನ ಮಳೆಗೆ ಕೆಳಗಿನ ದೊಣೆಗೆ ಸೇರುತ್ತದೆ, ಆ ದೊಣೆಯ ನೀರನ್ನು ಕುರಿ ಕಾಯುವವರು ಕುಡಿಯುತ್ತಾರೆ. ಒಲೆಯಲ್ಲಿ ಬೂದಿ ಕೈಗೆ ತಣ್ಣಗೆ ಹತ್ತುವವರೆಗೂ ನೀರು ಹಾಕಿ ಕಲಕಿ. ಫೆಬ್ರುವರಿಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು.

ಹಂತ 5: ಹೊರೆ ಮತ್ತೆ ಹಂಚಿ

ಮೊದಲ ದಿನ ಹಂಚಿದ ಹೊರೆ ಕೊನೆಯ ದಿನಕ್ಕೆ ನ್ಯಾಯವಾಗಿ ಉಳಿದಿರುವುದಿಲ್ಲ. ದಿನಸಿ ಹೊತ್ತವರ ಚೀಲ ಖಾಲಿಯಾಗಿರುತ್ತದೆ. ಟೆಂಟು, ಒಲೆ, ಪಾತ್ರೆ ಹೊತ್ತವರದ್ದು ಹಾಗೇ ಇರುತ್ತದೆ. ಇಬ್ಬನಿಗೆ ನೆನೆದ ಟೆಂಟು ಇನ್ನಷ್ಟು ಭಾರ. ಎಲ್ಲ ಸಾಮಾನು ನೆಲಕ್ಕೆ ಸುರಿದು ಮತ್ತೆ ಹಂಚಿ. ಕಾಲು ನೋಯುವವರಿಗೆ ನೀರು ಮತ್ತು ಸ್ವಂತ ಬಟ್ಟೆ ಮಾತ್ರ. ಗಟ್ಟಿ ಆಳಿಗೇ ಎಲ್ಲವನ್ನೂ ಹೊರಿಸುವುದೂ ತಪ್ಪು: ಏನಾದರೂ ಆದರೆ ಓಡಾಡಬೇಕಾದವರು ಅವರೇ.

ಭಾರದ ಸಾಮಾನು ಬೆನ್ನಿಗೆ ತಾಗಿ, ಭುಜದ ಎಲುಬುಗಳ ನಡುವಿನ ಎತ್ತರಕ್ಕೆ ಇರಲಿ. ಚೀಲದ ಹೊರಗೆ ಏನನ್ನೂ ನೇತುಹಾಕಬೇಡಿ. ತೂಗಾಡುವ ತಟ್ಟೆ ಜಾಲಿಗೆ ಸಿಕ್ಕಿಕೊಳ್ಳುತ್ತದೆ, ಪ್ಲಾಸ್ಟಿಕ್ ಚೀಲ ಕಂಡರೆ ಬಾದಾಮಿಯ ಮಂಗಗಳು ಸುಮ್ಮನೆ ಬಿಡುವುದಿಲ್ಲ.

ಹಂತ 6: ಸಾಲು ಕಟ್ಟುವುದು

ಮುಂದೆ ದಾರಿ ಬಲ್ಲವರು. ಎರಡನೆಯ ಜಾಗ ತಂಡದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರದ್ದು. ಆಗ ಇಡೀ ಸಾಲು ಅವರ ನಡಿಗೆಗೆ ಹೊಂದಿಕೊಳ್ಳುತ್ತದೆ. ನಿಧಾನದವರನ್ನು ಹಿಂದೆ ಬಿಟ್ಟರೆ ಅವರು ಬಂದು ಮುಟ್ಟುವಷ್ಟರಲ್ಲಿ ಮುಂದಿನವರು ದಣಿವಾರಿಸಿಕೊಂಡು ಎದ್ದಿರುತ್ತಾರೆ. ದಣಿದವರಿಗೆ ಮಾತ್ರ ನಿಲುಗಡೆಯೇ ಸಿಗುವುದಿಲ್ಲ. ಕೊನೆಯಲ್ಲಿ ಅನುಭವ ಇರುವ ಇನ್ನೊಬ್ಬರು, ಅವರ ಚೀಲದಲ್ಲಿ ಔಷಧಿ ಮತ್ತು ಹಗ್ಗ. ಅವರ ಹಿಂದೆ ಯಾರೂ ಇರಕೂಡದು, ಮೂತ್ರಕ್ಕೆ ಹೋದವರೂ ಕೂಡ.

ದಾರಿ ಒಡೆಯುವ ಪ್ರತಿ ಜಾಗದಲ್ಲೂ ನಿಂತು ತಲೆ ಎಣಿಸಿ. ಸೀಟಿಯ ಲೆಕ್ಕ ಹೊರಡುವಾಗಲೇ ಒಪ್ಪಿಕೊಂಡಿರಲಿ: ಒಂದು ಊದಿದರೆ ನಿಲ್ಲಿ, ಮೂರು ಊದಿದರೆ ಅಪಾಯ.

ಕೊನೆಯ ದಿನ ದಾರಿ ತಪ್ಪಿಸುವುದು ಹೆಚ್ಚಾಗಿ ಆಡಿನ ಜಾಡು. ತುಳಿದು ಸಪಾಟಾಗಿ, ನಿಜದ ದಾರಿಗಿಂತ ಚೆಂದಾಗಿಯೇ ಕಾಣುತ್ತದೆ. ಬಂಡೆಯ ತುದಿಯವರೆಗೂ ಕರೆದೊಯ್ದು ಅಲ್ಲಿ ಮುಗಿಯುತ್ತದೆ, ಏಕೆಂದರೆ ಆಡಿಗೆ ಬೇಕಾದದ್ದು ಅಂಚಿನ ಚಿಗುರು. ಜಾಡು ಸಣ್ಣದಾಗುತ್ತ ಕಂಟಿಯ ಅಡಿ ನುಸುಳುವಂತಾದರೆ, ಹಿಕ್ಕೆ ಮಾತ್ರ ಕಂಡು ಚಪ್ಪಲಿಯ ಗುರುತು ಇಲ್ಲವಾದರೆ, ತಿರುಗಿ ಹಿಂದಿನ ಕವಲಿಗೆ ಬನ್ನಿ. ಕುರಿ ಕಾಯುವವರು ಸಿಕ್ಕರೆ ಎಷ್ಟು ದೂರ ಎಂದು ಕೇಳಬೇಡಿ. ಇಲ್ಲೇ ಐತ್ರಿ ಎಂಬ ಉತ್ತರ ಬರುತ್ತದೆ, ಅವರ ಕಾಲಿಗೆ ಅದು ನಿಜವೂ ಹೌದು. ‘ಈ ದಾರೀಲೆ ಹೋದ್ರ ಹೊರೆ ಹೊತಗೊಂಡು ಇಳಿಯಾಕ ಬರತೈತೇನ್ರಿ?’ ಎಂದು ಕೇಳಿ. ಇಲ್ಲ ಎಂದರೆ ಇಲ್ಲ. ಅವರಿಗಿಂತ ಚೆನ್ನಾಗಿ ಆ ಗುಡ್ಡವನ್ನು ಬಲ್ಲ ನಕ್ಷೆ ಯಾವುದೂ ಇಲ್ಲ.

ಹಂತ 7: ಬಂಡೆಯ ಮೇಲಿಂದ ಇಳಿಯುವುದು

ಬಾದಾಮಿಯ ಮರಳುಗಲ್ಲು ಒಣಗಿದ್ದಾಗ ಶೂಗೆ ಚೆನ್ನಾಗಿ ಹಿಡಿತ ಕೊಡುತ್ತದೆ. ಜಾರಿಸುವುದು ಅದರ ಮೇಲೆ ಉದುರಿ ಕೂತ ಮರಳು. ಸವೆದ ಬಂಡೆಯ ಇಳಿಜಾರಿನಲ್ಲಿ ಸಾಸಿವೆ ಗಾತ್ರದ ಕಾಳುಗಳು ತೆಳ್ಳಗೆ ಹರಡಿರುತ್ತವೆ. ಬಿಸಿಲಲ್ಲಿ ನಿಂತು ನೋಡಿದರೆ ಬಂಡೆಯ ಬಣ್ಣಕ್ಕೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಬಗ್ಗಿ ಕೈ ಆಡಿಸಿದರೆ ತಿಳಿಯುತ್ತದೆ. ಅಲ್ಲಿ ಕಾಲಿಡುವ ಮುಂಚೆ ಶೂ ಅಂಚಿನಿಂದ ಒಮ್ಮೆ ಗುಡಿಸಿ. ಪಾದ ಪೂರ್ತಿ ಊರಿ, ಮೊಣಕಾಲು ಸ್ವಲ್ಪ ಮಡಿಸಿ, ಭಾರ ಪಾದದ ಮೇಲೆಯೇ ಇರಲಿ. ಹೆದರಿ ಹಿಂದಕ್ಕೆ ವಾಲಿದರೆ ಭಾರ ಹಿಮ್ಮಡಿಗೆ ಬಂದು ಕಾಲು ಮುಂದೆ ಜಾರುತ್ತದೆ. ಬೀಳುವವರಲ್ಲಿ ಹೆಚ್ಚಿನವರು ಹೀಗೆಯೇ ಬೀಳುತ್ತಾರೆ.

ಎದೆಯ ಎತ್ತರಕ್ಕಿಂತ ಹೆಚ್ಚಿನ ಇಳಿತಕ್ಕೆ ಚೀಲ ಬಿಚ್ಚಿ. ಒಬ್ಬರು ಬರಿಗೈಯಲ್ಲಿ ಇಳಿದು ಕೆಳಗೆ ನಿಲ್ಲಲಿ, ಚೀಲಗಳು ಹಗ್ಗದಲ್ಲಿ ಒಂದೊಂದಾಗಿ ಇಳಿಯಲಿ, ಆಮೇಲೆ ಜನ, ಬಂಡೆಯ ಕಡೆ ಮುಖ ಮಾಡಿ, ಮೂರು ಕಡೆ ಹಿಡಿತವಿಟ್ಟು ನಾಲ್ಕನೆಯದನ್ನು ಸರಿಸುತ್ತ. ಮೇಲಿಂದ ಚೀಲ ಎಸೆಯಬೇಡಿ. ಅದು ಪುಟಿದು ಎಲ್ಲಿ ಹೋಗುತ್ತದೆ ಎಂದು ಯಾರೂ ಹೇಳಲಾರರು. ಕಲ್ಲು ಉರುಳಿದರೆ ‘ಕಲ್ಲು!’ ಎಂದು ಕೂಗಬೇಕು. ಕೆಳಗಿರುವವರು ತಲೆ ಎತ್ತಿ ನೋಡದೆ ಗೋಡೆಗೆ ಒತ್ತಿಕೊಳ್ಳಬೇಕು.

ಊರು ಕಂಡಾಗ ಅಡ್ಡದಾರಿ ಹಿಡಿಯಬೇಡಿ. ಈ ಗುಡ್ಡಗಳ ಗೋಡೆಗಳು ಮೇಲಿಂದ ಕಾಣುವುದೇ ಇಲ್ಲ. ಕಂಟಿ ಮುಗಿದಲ್ಲಿ ಒಮ್ಮೆಲೇ ಹತ್ತಾರು ಮೀಟರ್ ಪಾತಾಳ. ಇಳಿದ ಮೇಲೆ ಮತ್ತೆ ಹತ್ತಲು ಬರದಂಥ ಜಾಗಕ್ಕೆ ಇಳಿಯಲೇಬಾರದು.

ಹಂತ 8: ಹೆಜ್ಜೇನು, ಮಂಗ, ಹಾವು

ಬಂಡೆಯ ಮುಂಚಾಚಿನ ಕೆಳಗೆ ಕಪ್ಪಾಗಿ ಜೋತುಬಿದ್ದ ಹೆಜ್ಜೇನ ಹುಟ್ಟು ಕಂಡರೆ ಮಾತು ನಿಲ್ಲಿಸಿ, ಬೀಡಿ ಸಿಗರೇಟು ಆರಿಸಿ, ಅದರ ನೇರ ಕೆಳಗೆ ಹೋಗದೆ ಸುತ್ತಿ ಹೋಗಿ. ಸುಗಂಧದ ಎಣ್ಣೆ, ಸೆಂಟು ಆ ದಿನ ಬೇಡ. ಹುಟ್ಟಿನ ಮೈಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲೆ ಸರಿದಂತೆ ಮಿನುಗು ಕಂಡರೆ ಅವು ನಿಮ್ಮನ್ನು ಗಮನಿಸಿವೆ ಎಂದರ್ಥ. ಅಲ್ಲಿಂದ ಸದ್ದಿಲ್ಲದೆ ಹಿಂದೆ ಸರಿಯಿರಿ.

ಎದ್ದುಬಿಟ್ಟರೆ ಕೈ ಬೀಸಬೇಡಿ. ಚಾದರ ತಲೆ ಮುಖಕ್ಕೆ ಹೊದ್ದು, ದಾರಿ ಕಾಣುವಷ್ಟು ಸಂದು ಬಿಟ್ಟುಕೊಂಡು ದೂರ ಹೋಗುತ್ತಲೇ ಇರಿ. ಅಂಚಿನಲ್ಲಿದ್ದರೆ ಓಡಬೇಡಿ, ಕುಳಿತು ಪೂರ್ತಿ ಮುಚ್ಚಿಕೊಳ್ಳಿ. ಕಡಿತಕ್ಕಿಂತ ಬೀಳುವುದೇ ಅಲ್ಲಿ ದೊಡ್ಡ ಅಪಾಯ. ಕೆರೆಗೆ ಹಾರುವುದೂ ಉಪಾಯವಲ್ಲ, ಅವು ಮೇಲೆಯೇ ಕಾಯುತ್ತವೆ. ಪಾರಾದ ಮೇಲೆ ಕೊಂಡಿಗಳನ್ನು ಆದಷ್ಟು ಬೇಗ ಕಿತ್ತುಹಾಕಿ. ತುಟಿ, ಗಂಟಲು ಊದಿಕೊಂಡು ಉಸಿರು ಕಟ್ಟಿದರೆ, ಅಥವಾ ಹತ್ತಾರು ಕಡೆ ಚುಚ್ಚಿದ್ದರೆ, 108ಕ್ಕೆ ಕರೆ ಮಾಡಿ.

ಮಂಗಗಳ ವಿಚಾರ ಸರಳ: ತಿನ್ನುವುದನ್ನು ಕೈಯಲ್ಲಿ ಹಿಡಿದು ನಡೆಯಬೇಡಿ, ಕಿತ್ತುಕೊಂಡದ್ದನ್ನು ಮರಳಿ ಎಳೆಯಬೇಡಿ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ರೇಬೀಸ್ ಚುಚ್ಚುಮದ್ದಿಗೆ ಹೋಗಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಮೂರೂ ಬೇಡ. ಉಂಗುರ, ವಾಚು ತೆಗೆಯಿರಿ, ಕಾಲನ್ನು ಕೋಲಿಗೆ ಕಟ್ಟಿ ಅಲುಗದಂತೆ ಮಾಡಿ, ನಡೆಸದೆ ಹೊತ್ತು ತನ್ನಿ. ಕಚ್ಚಿದ ಹೊತ್ತು ಬರೆದಿಡಿ. ವಿಷಕ್ಕೆ ಪ್ರತಿಮದ್ದು ಹತ್ತಿರದಲ್ಲಿ ಯಾವ ಆಸ್ಪತ್ರೆಯಲ್ಲಿದೆ ಎಂದು ನಡಿಗೆಗೆ ಮುಂಚೆಯೇ ಫೋನ್ ಮಾಡಿ ತಿಳಿದುಕೊಂಡಿರಿ.

ಹಂತ 9: ಮೋಡ ಕಂಡರೆ

ಹಿಂಗಾರಿನ ಗುಡುಗು ಮಳೆ ಅಕ್ಟೋಬರ್, ನವೆಂಬರಿನಲ್ಲಿ ಇಲ್ಲಿ ಮಧ್ಯಾಹ್ನದ ನಂತರ ಬೀಳುತ್ತದೆ. ಬರಿಬಂಡೆ ನೀರು ಹೀರುವುದಿಲ್ಲ, ಎಲ್ಲವೂ ಕೊಳ್ಳಕ್ಕೆ ಇಳಿಯುತ್ತದೆ. ನಿಮ್ಮ ತಲೆಯ ಮೇಲೆ ಹನಿ ಇಲ್ಲದಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದದ್ದು ಹಳ್ಳಕ್ಕೆ ಬರಬಹುದು. ತಿಳಿ ನೀರು ಒಮ್ಮೆಲೇ ಕೆಂಪಾದರೆ, ಕಡ್ಡಿ ಎಲೆ ತೇಲಿ ಬಂದರೆ, ಮೇಲಿಂದ ಲಾರಿ ಬಂದಂಥ ಸದ್ದು ಕೇಳಿದರೆ ಚೀಲದ ಚಿಂತೆ ಬಿಟ್ಟು ಬದಿಯ ಎತ್ತರಕ್ಕೆ ಹತ್ತಿ. ಮೊಣಕಾಲು ಮೀರಿ ಹರಿಯುವ ನೀರನ್ನು ದಾಟಬೇಡಿ, ಕಾಯಿರಿ. ಸಣ್ಣ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತದೆ.

ಹೊಳೆಯ ಮಾತು ಬೇರೆ. ಪಟ್ಟದಕಲ್ಲು, ಐಹೊಳೆ ಕಡೆ ಮಲಪ್ರಭೆ ದಾಟಿ ಮುಗಿಸುವ ತಂಡಗಳು ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಯೇ ಎಂದು ಮುಂಚಿನ ದಿನವೇ ವಿಚಾರಿಸಬೇಕು. 2019ರ ಆಗಸ್ಟಿನಲ್ಲಿ ಇದೇ ಹೊಳೆ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೆ ನುಗ್ಗಿತ್ತು. ಅಲ್ಲಿ ಮಳೆಯಿಲ್ಲದೆಯೂ ಹೊಳೆ ಏರಬಹುದು.

ಗುಡುಗು ಕೇಳಿದರೆ ನೆತ್ತಿಯ ಬಯಲಿನಿಂದ ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಒಬ್ಬರಿಂದೊಬ್ಬರು ದೂರ ಇರಿ. ತೆಳು ಮುಂಚಾಚಿನ ಕೆಳಗಿನ ಫಡಿ (ಬಂಡೆಯಡಿಯ ತೆರೆದ ಗವಿ) ಮಳೆಗೆ ಆಸರೆಯಾದೀತು, ಸಿಡಿಲಿಗೆ ಅಲ್ಲ.

ಹಂತ 10: ಬಿಸಿಲು ಹೊಡೆದ ಲಕ್ಷಣ

ಮೊದಲ ಸೂಚನೆ ಮಾತಿನಲ್ಲಿ ಸಿಗುತ್ತದೆ: ಹರಟುತ್ತಿದ್ದವರು ಸುಮ್ಮನಾಗುತ್ತಾರೆ, ಕೇಳಿದ್ದಕ್ಕೆ ಸಿಡುಕುತ್ತಾರೆ, ಸಪಾಟು ನೆಲದಲ್ಲೂ ಎಡವುತ್ತಾರೆ. ಆಗಲೇ ನೆರಳಿಗೆ ಕೂರಿಸಿ, ಚೀಲ ಇಳಿಸಿ, ಒಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಅರ್ಧ ತಾಸಿಗೆ ಚೇತರಿಸಿಕೊಂಡರೆ ಅವರ ಹೊರೆ ಹಂಚಿಕೊಂಡು ನಡೆಯಿರಿ. ಮೂತ್ರ ಗಾಢ ಹಳದಿಯಾಗಿದ್ದರೆ ಅದೂ ಒಂದು ಎಚ್ಚರಿಕೆ, ನಿಲುಗಡೆಯಲ್ಲಿ ಸಂಕೋಚವಿಲ್ಲದೆ ಕೇಳಿ.

ದಿನ, ಜಾಗ, ಹೆಸರು ತಪ್ಪು ಹೇಳಲು ಶುರು ಮಾಡಿದರೆ, ಮೈ ಸುಡುತ್ತಿದ್ದರೆ, ಅದು ಜೀವಕ್ಕೆ ಬಂದ ಹೊತ್ತು. ಬೆವರುತ್ತಿದ್ದಾರೆ ಎಂದು ಸಮಾಧಾನಪಡಬೇಡಿ; ನಡೆದು ಬಂದ ಶಾಖಾಘಾತದಲ್ಲಿ ಬೆವರು ಇರಬಹುದು. ಮೀಸಲು ನೀರು ಇರುವುದು ಇದಕ್ಕೇ. ಬಟ್ಟೆ ಸಡಿಲಿಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಹಾಕಿ, ಮೈಮೇಲೆ ನೀರು ಚಿಮುಕಿಸಿ ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ತಂಪು ಮಾಡುವುದನ್ನು ನಿಲ್ಲಿಸದೆ ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ. ಕೊಳ್ಳದ ತಳದಲ್ಲಿ ಸಿಗ್ನಲ್ ಸಿಗುವುದಿಲ್ಲ. ಇಬ್ಬರು ನೆತ್ತಿಗೆ ಹತ್ತಿ ಮಾಡಬೇಕು. ನಕ್ಷೆಯಲ್ಲಿನ ನಿಂತ ಜಾಗದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲಿ, ಒಬ್ಬರೇ ಹೋಗಬಾರದು.

ಹಂತ 11: ಊರು ಮುಟ್ಟಿದ ಮೇಲೆ

ಮೊದಲು ತಲೆ ಎಣಿಕೆ, ಆಮೇಲೆ ಮಜ್ಜಿಗೆ. ಯಾರಿಗೆ ಹೊರಡುವಾಗ ಹೇಳಿದ್ದಿರೋ, ಮನೆಯವರಾಗಲಿ, ಹೊಲದ ಮಾಲೀಕರಾಗಲಿ, ಅವರಿಗೆಲ್ಲ ಇಳಿದೆವು ಎಂದು ಫೋನ್ ಮಾಡಿ. ಇದನ್ನು ಮರೆತರೆ ಸಂಜೆ ಯಾರೋ ದೀಪ ಹಿಡಿದು ಗುಡ್ಡಕ್ಕೆ ಹುಡುಕಲು ಹೊರಡುತ್ತಾರೆ.

ಸ್ವಂತ ಗಾಡಿಯಲ್ಲಿ ಬಂದವರಿಗೆ ಅಪಾಯ ಇನ್ನೂ ಮುಗಿದಿಲ್ಲ. ನಸುಕಿಗೆ ಎದ್ದು, ಐದು ತಾಸು ನಡೆದು, ಹೊಟ್ಟೆ ತುಂಬ ಉಂಡು ವಿಜಯಪುರಕ್ಕೋ ಬೆಳಗಾವಿಗೋ ಗಾಡಿ ಹೊಡೆಯುವವರಿಗೆ ತೂಕಡಿಕೆ ಬಂದೇ ಬರುತ್ತದೆ. ಹೊರಡುವ ಮುಂಚೆ ಅರ್ಧ ತಾಸು ಮಲಗಿ. ಓಡಿಸಬಲ್ಲವರು ಇಬ್ಬರಿದ್ದರೆ ಒಂದೂವರೆ ತಾಸಿಗೊಮ್ಮೆ ಬದಲಿಸಿ, ಮುಂದಿನ ಸೀಟಿನವರು ಮಲಗದಿರಲಿ.

ಮನೆಗೆ ಹೋದ ದಿನವೇ ಟೆಂಟು ಬಿಚ್ಚಿ ಒಣಹಾಕಿ, ಮೈಮೇಲೆ ಉಣ್ಣಿ ಹುಳ ಹತ್ತಿದೆಯೇ ಎಂದು ಕಂಕುಳು, ಸೊಂಟ, ಕಿವಿಯ ಹಿಂದೆ ನೋಡಿಕೊಳ್ಳಿ. ಒಳಗೆ ಮುರಿದ ಜಾಲಿಮುಳ್ಳು ಎರಡು ದಿನಕ್ಕೆ ಕೆಂಪಾಗಿ ಬಾತರೆ ಸೂಜಿಯಿಂದ ಕೆದಕದೆ ವೈದ್ಯರಿಗೆ ತೋರಿಸಿ. ಧನುರ್ವಾಯು ಚುಚ್ಚುಮದ್ದು ಯಾವಾಗ ತೆಗೆದುಕೊಂಡಿದ್ದೀರಿ ಎಂದು ಅವರು ಕೇಳುತ್ತಾರೆ, ತಾರೀಖು ನೆನಪಿಟ್ಟುಕೊಂಡು ಹೋಗಿ. ಮುಂದಿನ ಎರಡು ವಾರದೊಳಗೆ ಜ್ವರ ಬಂದರೆ ಗುಡ್ಡದಲ್ಲಿ ಮಲಗಿದ್ದನ್ನೂ, ದೊಣೆಯ ನೀರು ಕುಡಿದಿದ್ದನ್ನೂ ಮರೆಯದೆ ಹೇಳಿ.